ಮೊದಲ ಹತ್ತು ನಿಮಿಷದ ಟಾರ್ಚಣ್ಣ

ಟಾರ್ಚಣ್ಣ ನೋಡಿದಷ್ಟು ದೆವ್ವದ ಸಿನಿಮಾಗಳನ್ನು ನೀವೂ ನೋಡಿಲ್ಲ, ನಾನೂ ನೋಡಿಲ್ಲ. ಆದರೆ ಒಂದನ್ನಾದರೂ ಆತ ಪೂರ್ತಿ ನೋಡಿದವನಲ್ಲ. ಎಲ್ಲದರ ಮೊದಲ ಹತ್ತು ನಿಮಿಷ, ಅಷ್ಟೇ. ಅಷ್ಟರಲ್ಲಿ ತಡವಾಗಿ ಬರುವವರೆಲ್ಲ ಬಂದಿರುತ್ತಾರೆ. ಕತ್ತಲಲ್ಲಿ ಅವರಿಗೆ ಟಾರ್ಚು ಹಿಡಿದು ಸೀಟು ತೋರಿಸುವುದು ಅವನ ಕೆಲಸ. ಅದು ಮುಗಿಯಿತೋ, ದಪ್ಪ ಪರದೆ ಸರಿಸಿಕೊಂಡು ಹೊರಗಿನ ಹಜಾರಕ್ಕೆ ಬಂದು ತನ್ನ ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದ. ಒಳಗೆ ಯಾರು ಸತ್ತರು, ಯಾರು ಉಳಿದರು, ದೆವ್ವಕ್ಕೆ ಏನು ಬೇಕಿತ್ತು, ಒಂದೂ ಗೊತ್ತಿಲ್ಲ. ಗೋಡೆಯಾಚೆಯಿಂದ ಕಿರುಚಾಟ ಕೇಳಿಸಿದರೆ ಟೋಪಿಯನ್ನು ಕಿವಿಯ ಮೇಲೆ ಇನ್ನಷ್ಟು ಎಳೆದುಕೊಳ್ಳುತ್ತಿದ್ದ.

ಕತ್ತಲಲ್ಲಿ ಸೀಟು ತೋರಿಸುವುದೇನು ಮಹಾ ಕೆಲಸ ಅಂತ ಮೂಗು ಮುರಿಯಬೇಡಿ. ನಗೆ ಸಿನಿಮಾ ಆದರೆ ಯಾವಾಗ ಬೇಕಾದರೂ ಟಾರ್ಚು ಹಾಕಬಹುದು, ಯಾರಿಗೂ ನಷ್ಟವಿಲ್ಲ. ದೆವ್ವದ ಸಿನಿಮಾದ ಲೆಕ್ಕವೇ ಬೇರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇಡೀ ಸಭಾಂಗಣ ಉಸಿರು ಬಿಗಿಹಿಡಿದು ಮಂಚದ ಕೆಳಗಿನ ಕತ್ತಲನ್ನು ನೋಡುತ್ತಿದ್ದ ಹೊತ್ತಿಗೆ ಟಾರ್ಚಣ್ಣ ಯಾರಿಗೋ ಮೆಟ್ಟಿಲು ತೋರಿಸಲು ಹೋಗಿ ಫಕ್ಕನೆ ಬೆಳಕು ಬಿಟ್ಟ. ದೆವ್ವ ಬರುವ ಮೊದಲೇ ಅರ್ಧ ಜನ ಅರಚಿದರು. ಮುಂದಿನ ಸಾಲಿನ ದಪ್ಪ ಗೃಹಸ್ಥರೊಬ್ಬರು ಎದ್ದು ಓಡಿದರು, ಹೋಗುವಾಗ ಟಾರ್ಚಣ್ಣನಿಗೂ ಒಂದು ಬಿಟ್ಟು ಹೋದರು. ಆ ಏಟಿನಿಂದ ಕಲಿತ ಪಾಠವನ್ನು ಆತ ಮರೆಯಲಿಲ್ಲ. ಅಂದಿನಿಂದ ಪ್ರತಿ ಸಿನಿಮಾದ ಆರಂಭವನ್ನೂ ಮೊದಲ ದಿನವೇ ಗಮನವಿಟ್ಟು ನೋಡಿ, ಎಲ್ಲಿ ಟಾರ್ಚು ಹಾಕಬೇಕು, ಎಲ್ಲಿ ಹಾಕಬಾರದು ಅಂತ ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳತೊಡಗಿದ.

ಹಾಗೆ ನೋಡಿ ನೋಡಿ ಭಯದ ಅಡುಗೆ ಹೇಗೆ ಬೇಯುತ್ತದೆ ಅಂತ ಆತನಿಗೆ ಗೊತ್ತಾಗಿಹೋಯಿತು. ಮೊದಲಿಗೆ ಬಿಸಿಲು. ಹೊಸ ಮನೆಗೆ ಸಾಮಾನು ಇಳಿಸುತ್ತಿರುವ ಸಂಸಾರ, ಕೇಕೆ ಹಾಕುವ ಮಕ್ಕಳು. ಇಷ್ಟು ಸುಖ ಕಂಡರೆ ಸಾಕು, ಇವರ ಕತೆ ಮುಗಿಯಿತು ಅಂತ ಅರ್ಥ. ಆಮೇಲೆ ಒಬ್ಬಳೇ ಹೆಂಗಸು. ಅವಳನ್ನು ಪರದೆಯ ನಡುವೆ ನಿಲ್ಲಿಸುವುದಿಲ್ಲ, ಒಂದು ಪಕ್ಕಕ್ಕೆ ಸರಿಸಿಬಿಡುತ್ತಾರೆ. ಇನ್ನೊಂದು ಪಕ್ಕ ಖಾಲಿ. ಅಲ್ಲೊಂದು ಬಾಗಿಲೋ ಕಿಟಕಿಯೋ ಇರುತ್ತದೆ, ಏನೂ ಆಗುವುದಿಲ್ಲ, ಆದರೆ ಜನರೆಲ್ಲ ಹೆಂಗಸನ್ನು ಬಿಟ್ಟು ಆ ಖಾಲಿ ಜಾಗವನ್ನೇ ನೋಡುತ್ತಾರೆ. ಕ್ಯಾಮೆರಾ ಕದಲುವುದಿಲ್ಲ. ಇನ್ನೇನು ದೃಶ್ಯ ಬದಲಾಗಬೇಕು ಅನ್ನಿಸುತ್ತದೆ, ಬದಲಾಗುವುದಿಲ್ಲ. ಅಷ್ಟು ಹೊತ್ತು ಕೇಳುತ್ತಿದ್ದ ಸಂಗೀತ ಗೊತ್ತೇ ಆಗದಂತೆ ನಿಂತುಹೋಗಿರುತ್ತದೆ. ಸಂಗೀತ ಯಾರನ್ನೂ ಹೆದರಿಸುವುದಿಲ್ಲ, ಅದು ನಿಂತದ್ದು ಹೆದರಿಸುತ್ತದೆ ಅನ್ನುವುದು ಟಾರ್ಚಣ್ಣನ ಸಿದ್ಧಾಂತ. ಆಮೇಲೆ ಎಲ್ಲಿಂದಲೋ ಒಂದು ಸದ್ದು. ಸದ್ದು ಮೊದಲು, ಸದ್ದು ಮಾಡಿದ್ದು ಆಮೇಲೆ. ಕೊನೆಗೆ ಅಲ್ಮಾರಿಯಿಂದ ಒಂದು ಬೆಕ್ಕು ಛಂಗನೆ ಹಾರುತ್ತದೆ. ಜನ ಬೆಚ್ಚಿ, ಬರೀ ಬೆಕ್ಕು ಅಂತ ನಕ್ಕು, ಬಿಗಿಹಿಡಿದ ಉಸಿರು ಬಿಟ್ಟು, ನಿಂತ ಕೈಯನ್ನು ಮತ್ತೆ ಪಾಪ್‌ಕಾರ್ನಿಗೆ ಹಾಕುತ್ತಾರೆ. ನಿಜವಾದದ್ದು ಬರುವುದು ಆಗ.

ಈ ಬೆಕ್ಕೇ ಟಾರ್ಚಣ್ಣನ ಅನ್ನದಾತ. ತಡವಾಗಿ ಬಂದವರನ್ನು ಬಾಗಿಲ ದಪ್ಪ ಪರದೆಯ ಹಿಂದೆ ಗುಂಪಾಗಿ ನಿಲ್ಲಿಸಿಕೊಂಡು, "ಸ್ವಲ್ಪ ಇರಿ, ಬೆಕ್ಕಿಗೆ ಬಿಡ್ತೀನಿ" ಅನ್ನುತ್ತಿದ್ದ. ಬೆಕ್ಕು ಹಾರಿ, ಜನ ನಗುವಾಗ, ಆ ಗಲಾಟೆಯಲ್ಲಿ ಎಲ್ಲರನ್ನೂ ಸರಸರನೆ ಸೀಟಿಗೆ ಮುಟ್ಟಿಸಿಬಿಡುತ್ತಿದ್ದ. ಟಾರ್ಚಿನ ಗಾಜಿನ ಮೇಲೆ ಬೆರಳು ಅಡ್ಡ ಹಿಡಿದು ಎರಡು ಬೆರಳ ಸಂದಿಯಿಂದ ನೂಲಿನಂಥ ಬೆಳಕು ಬಿಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಅಲ್ಲಿಗೆ ಕೆಲಸ ಮುಗಿಯಿತು. ನಿಜವಾದದ್ದು ಬರುವ ಮೊದಲೇ ಆತ ಹೊರಗಿರುತ್ತಿದ್ದ. ಕೇಳಿದರೆ, ಹೊರಗೆ ಗೇಟು ನೋಡ್ಕೋಬೇಕಲ್ಲ ಅನ್ನುತ್ತಿದ್ದ. ಗೇಟಿಗೇನು ರೆಕ್ಕೆ ಬಂದು ಹಾರಿಹೋಗುತ್ತಿತ್ತೇ? ಪುಕ್ಕಲುತನಕ್ಕೂ ಒಂದು ನೆಪ ಬೇಕಲ್ಲ.

ಮನೆಯಲ್ಲಿ ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು. ಬೀದಿಗೆ ತೆರೆದ ಕಿಟಕಿಯ ಪಕ್ಕ ಮಷೀನು, ಮಷೀನಿನ ಡ್ರಾಯರಿನಲ್ಲಿ ದಾರ ಸುತ್ತಿದ ಬಾಬಿನ್ನು, ಸೀಮೆಸುಣ್ಣ, ಉದ್ದ ಮೂತಿಯ ಒಂದು ಎಣ್ಣೆ ಡಬ್ಬಿ. ಆ ಡಬ್ಬಿ ಅವಳ ತವರಿನಿಂದ ಮಷೀನಿನ ಜೊತೆ ಬಂದದ್ದು, ಗಂಡನನ್ನಾದರೂ ಯಾರಿಗಾದರೂ ಎರವಲು ಕೊಟ್ಟಾಳು, ಡಬ್ಬಿ ಕೊಡುವವಳಲ್ಲ. ಟಾರ್ಚಣ್ಣ ಸಂಜೆಯ ಆಟಕ್ಕೆ ಜನ ತುಂಬಿಸಿ, ರಾತ್ರಿಯ ಆಟವನ್ನು ಇನ್ನೊಬ್ಬ ಟಾರ್ಚಿನವನಿಗೆ ಒಪ್ಪಿಸಿ ಊಟದ ಹೊತ್ತಿಗೆ ಮನೆ ಸೇರುತ್ತಿದ್ದ. ಬಂದವನಿಗೆ ಅವಳ ಮೊದಲ ಪ್ರಶ್ನೆ, "ಇವತ್ತು ಯಾವ ದರಿದ್ರದವರು ಹೊಸ ಮನೆಗೆ ಬಂದ್ರು?"

ಆತ ಆರಂಭ ಹೇಳುತ್ತಿದ್ದ. ಬಾಗಿಲು, ಖಾಲಿ ಜಾಗ, ನಿಂತ ಸಂಗೀತ, ಬೆಕ್ಕು. "ಅಷ್ಟರಲ್ಲಿ ನಾನು ಹೊರಗೆ ಬಂದೆ" ಅನ್ನುತ್ತಿದ್ದ. ಆಗ ಅವಳು ಹಲ್ಲಿನಿಂದ ದಾರ ಕಡಿದು, ಕೊನೆ ಹೇಳುತ್ತಿದ್ದಳು. ಸಿನಿಮಾ ನೋಡದೆಯೇ. ಅವಳ ಕೊನೆಗಳಲ್ಲಿ ಒಬ್ಬರೂ ಸಾಯುತ್ತಿರಲಿಲ್ಲ. ದೆವ್ವಗಳೆಲ್ಲ ಪಾಪದವು, ಏನೋ ಒಂದು ಅರ್ಧಕ್ಕೆ ನಿಂತು ತೊಳಲಾಡುವಂಥವು. ಒಂದು ದೆವ್ವ ಹೊಲಿಸಲು ಕೊಟ್ಟ ಅಂಗಿ ತೊಡುವ ಮೊದಲೇ ಸತ್ತಿತ್ತು, ಮನೆಯವರು ಅಂಗಿಗೆ ಕೊನೆಯ ಗುಂಡಿ ಹಾಕಿ ಕೊಟ್ಟರು, ತೊಟ್ಟುಕೊಂಡು ಕನ್ನಡಿ ನೋಡಿ ಹೊರಟುಹೋಯಿತು. ಗಂಡನದು ಮೊದಲು, ಹೆಂಡತಿಯದು ಕೊನೆ, ಇಬ್ಬರೂ ಸೇರಿ ಒಂದು ಸಿನಿಮಾ. ಸಂಸಾರ ಅಂದರೆ ಇದೇ ಇರಬೇಕು.

ತಮಾಷೆ ಏನೆಂದರೆ, ಟಾರ್ಚಣ್ಣ ಈ ಕಾಗಕ್ಕ ಗುಬ್ಬಕ್ಕನ ಕೊನೆಗಳನ್ನೇ ಹಜಾರದಲ್ಲಿ ಜನರಿಗೆ ಹೇಳಿ ಧೈರ್ಯ ತುಂಬುತ್ತಿದ್ದ. "ಅಜ್ಜಿಗೆ ಏನೂ ಆಗಲ್ಲ ತಾನೇ?" ಅಂತ ಕೇಳಿದವರಿಗೆ, "ಏನೂ ಆಗಲ್ಲಮ್ಮ, ಧೈರ್ಯವಾಗಿ ಹೋಗಿ" ಅನ್ನುತ್ತಿದ್ದ. ಆಟ ಬಿಟ್ಟ ಮೇಲೆ ಅವರು ಬಂದು, "ಏನಪ್ಪ, ಅಜ್ಜಿ ಮೊದಲೇ ಹೋದಳಲ್ಲ" ಅಂತ ಜಗಳಕ್ಕೆ ನಿಂತರೆ, "ನನಗೆ ಹೇಳಿದೋರು ಹಾಗಂದಿದ್ರು" ಅಂತ ತಲೆ ಕೆರೆದುಕೊಳ್ಳುತ್ತಿದ್ದ. ಆದರೂ ಮುಂದಿನ ವಾರ ಅವರೇ ಬಂದು ಅವನನ್ನೇ ಕೇಳುತ್ತಿದ್ದರು. ಸುಳ್ಳಾದರೂ ಒಳ್ಳೆಯ ಮಾತು ಯಾರಿಗೆ ಬೇಡ?

ಮದುವೆಯಾದ ಹೊಸತರಲ್ಲಿ ಹೆಂಡತಿ ಒಮ್ಮೆ ಅವನ ಥಿಯೇಟರಿಗೆ ಬಂದಿದ್ದಳು. ಆತ ಅವಳ ಪಕ್ಕ ಕೂತವನು ಬಾಗಿಲ ಕಡೆಯಿಂದ ಚಪ್ಪಲಿ ಸದ್ದು ಬಂದಾಗೆಲ್ಲ ಎದ್ದು ಓಡಿದ. "ನಿಮ್ಮ ಜೊತೆ ಸಿನಿಮಾ ನೋಡೋದೂ ಒಂದೇ, ಬಡಿಸೋರ ಪಕ್ಕ ಊಟಕ್ಕೆ ಕೂರೋದೂ ಒಂದೇ" ಅಂದವಳು ಮತ್ತೆ ಬರಲಿಲ್ಲ. ಕರೆದರೆ, ಸೀಟಿನಲ್ಲಿ ತಿಗಣೆ ಇದೆ ಅನ್ನುತ್ತಿದ್ದಳು.

ಹೀಗೆ ನಡೆಯುತ್ತಿದ್ದಾಗ ಥಿಯೇಟರಿಗೆ ಹೊಸದೊಂದು ದೆವ್ವದ ಸಿನಿಮಾ ಬಂತು. ಇದರ ಆರಂಭ ಟಾರ್ಚಣ್ಣನಿಗೆ ತುಂಬ ಹಿಡಿಸಿತು. ಒಬ್ಬ ಹೆಂಗಸು ಅಡುಗೆಮನೆಯಲ್ಲಿ ನಮಗೆ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿದ್ದಾಳೆ. ಪಕ್ಕಕ್ಕೆ ಉದ್ದನೆಯ ಓಣಿ, ಓಣಿಯ ತುದಿಗೆ ಮುಚ್ಚಿದ ಬಾಗಿಲು. ನಲ್ಲಿ ತೊಟ್ಟಿಕ್ಕುತ್ತಿದೆ. ಅವಳು ನಲ್ಲಿ ಬಿಗಿ ಮಾಡುತ್ತಾಳೆ. ತೊಟ್ಟಿಕ್ಕುವ ಸದ್ದು ನಿಲ್ಲುವುದಿಲ್ಲ. ಮತ್ತೆ ಬಿಗಿ ಮಾಡುತ್ತಾಳೆ. ಸದ್ದು ನಲ್ಲಿಯದಲ್ಲ ಅಂತ ನಮಗೆ ಹೊಳೆಯುವ ಹೊತ್ತಿಗೆ ಓಣಿಯ ಬಾಗಿಲು ಒಂದು ಗೇಣು ತೆರೆದಿರುತ್ತದೆ. ಯಾವಾಗ ತೆರೆಯಿತು ಅಂತ ಯಾರೂ ನೋಡಿಲ್ಲ.

ಇದನ್ನೆಲ್ಲ ಅಭಿನಯ ಮಾಡಿ ತೋರಿಸಿ, "ಈಗ ನೀನು ಹೇಳು" ಅಂದ.

ಹೆಂಡತಿ ಕತ್ತಿನವರೆಗೆ ಗುಂಡಿ ಹಾಕಿದ ಎತ್ತರದ ಕಾಲರನ್ನು ಮುಟ್ಟಿಕೊಂಡಳು. ಒಂದು ತಿಂಗಳಿಂದ ತನ್ನ ಬಟ್ಟೆಗಳಿಗೆಲ್ಲ ಅಂಥದೇ ಕಾಲರು ಹೊಲಿದುಕೊಂಡಿದ್ದಳು. ಹೊಸ ಫ್ಯಾಷನ್ನಾ ಅಂತ ಆತ ಚುಡಾಯಿಸಿಯೂ ಇದ್ದ. "ಇವತ್ತು ಬೇಡ ರೀ. ಏನೂ ಹೊಳೀತಿಲ್ಲ" ಅಂದಳು.

ಮರುದಿನವೂ ಹೊಳೆಯಲಿಲ್ಲ. ಅದರ ಮರುದಿನ ಆತ ಬೀದಿಯ ತಿರುವಿಗೆ ಬಂದಾಗ ಮಷೀನಿನ ಸದ್ದೇ ಇರಲಿಲ್ಲ. ಕಿಟಕಿಯಲ್ಲಿ ಅವಳು ಸುಮ್ಮನೆ ಕೂತಿದ್ದಳು. ಸದ್ದು ನಿಂತರೆ ಏನರ್ಥ ಅಂತ ಜಗತ್ತಿಗೆಲ್ಲ ಹೇಳುವ ಟಾರ್ಚಣ್ಣನಿಗೆ ಎದೆ ಝಲ್ಲೆಂದಿತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ತನ್ನದೇ ಏನೋ ತಪ್ಪಿರಬೇಕು, ಅದಕ್ಕೆ ಸಿಟ್ಟಾಗಿದ್ದಾಳೆ ಅಂದುಕೊಂಡ. ತಾನು ಮರೆತ ಕೆಲಸಗಳನ್ನೆಲ್ಲ ನೆನಪಿಸಿಕೊಂಡು ಒಂದೊಂದಾಗಿ ಮಾಡಿದ. ಬಾಗಿಲ ಚಿಲಕ ಸರಿಪಡಿಸಿದ, ಕೊಡೆ ರಿಪೇರಿ ಮಾಡಿಸಿದ. ಮಷೀನಿನ ಸದ್ದು ಮಾತ್ರ ಬರಲಿಲ್ಲ.

ಒಂದು ಬೆಳಗ್ಗೆ ಅವಳು ಸ್ನಾನಕ್ಕೆ ಹೋದಾಗ ಅವಳ ಫೋನು ಹೊಡೆದುಕೊಂಡಿತು. ಟಾರ್ಚಣ್ಣ ಎತ್ತಿದ.

"ಮೇಡಮ್‌ಗೆ ಗುರುವಾರ ಥಿಯೇಟರ್ ಸಿಕ್ಕಿದೆ ಅಂತ ಹೇಳ್ಬಿಡಿ" ಅಂದಿತು ಒಂದು ಹೆಣ್ಣು ದನಿ. "ಬೆಳಗ್ಗೆ ಮೊದಲನೇದೇ ಅವರದ್ದು. ತಂಗಿ ಕರ್ಕೊಂಡು ಬರ್ತಾರೆ ಅಂದಿದ್ರು."

"ಯಾವ ಥಿಯೇಟರ್?" ಅಂದ ಟಾರ್ಚಣ್ಣ.

"ಹೊಸ ಬಿಲ್ಡಿಂಗ್‌ದು ಸಾರ್. ಈಗ ತಾನೇ ಆಗಿದೆಯಲ್ಲ, ಏಸಿ ಎಲ್ಲ ಹಾಕಿ, ಅದು."

"ಎಷ್ಟು ಹೊತ್ತಿನದು?"

"ಎರಡೂವರೆ ಗಂಟೆ ಅಂತ ಇಟ್ಕೊಳ್ಳಿ. ಮತ್ತೆ, ಖಾಲಿ ಹೊಟ್ಟೇಲಿ ಬರಬೇಕು. ನೀರೂ ಕುಡಿಯೋ ಹಾಗಿಲ್ಲ."

ಫೋನು ಇಟ್ಟ ಟಾರ್ಚಣ್ಣನ ಮುಖ ಊದಿಕೊಂಡಿತು. ನೀವಾಗಿದ್ದರೆ ಇಷ್ಟು ಹೊತ್ತಿಗೆ ಅರ್ಥ ಮಾಡಿಕೊಂಡಿರುತ್ತಿದ್ದಿರಿ. ಆದರೆ ಮೀಸೆ ಚಿಗುರಿದಾಗಿನಿಂದ ಥಿಯೇಟರ್ ಅಂದರೆ ಒಂದೇ ಥಿಯೇಟರ್ ಅಂತ ಬಾಳಿದವನು ಆತ. ಎರಡೂವರೆ ಗಂಟೆ, ಏಸಿ, ಮೊದಲನೇ ಆಟ, ಇನ್ನೇನು ಬೇಕು? ಖಾಲಿ ಹೊಟ್ಟೆಯ ಮಾತೊಂದು ಸ್ವಲ್ಪ ಹೊತ್ತು ಕಾಡಿತು. ಆಮೇಲೆ, ತಿಂದದ್ದು ಬಾಯಿಗೆ ಬರುವಷ್ಟು ಭಯಂಕರ ಚಿತ್ರ ಇರಬೇಕು ಅಂತ ಅದಕ್ಕೂ ಸಮಾಧಾನ ಹುಡುಕಿಕೊಂಡ. ತನ್ನ ಥಿಯೇಟರಿಗೆ ಬಾ ಅಂದರೆ ತಿಗಣೆ ಅನ್ನುವವಳು, ತಂಗಿಯ ಜೊತೆ ಗುಟ್ಟಾಗಿ ಏಸಿ ಥಿಯೇಟರಿಗೆ ಹೊರಟಿದ್ದಾಳೆ. ಅದಕ್ಕೇ ಕೊನೆ ಹೇಳುತ್ತಿಲ್ಲ, ನಿಜವಾದ ಕೊನೆಗಳ ರುಚಿ ಹತ್ತಿದೆ. ದಿನವಿಡೀ ಆತ ಇದನ್ನೇ ನುಂಗಿ ನುಂಗಿ, ಸಂಜೆ ಊಟದ ಮುಂದೆ ಉಗುಳಿದ.

"ಗುರುವಾರದ್ದು ನನಗೆ ಗೊತ್ತಾಯ್ತು. ಫೋನ್ ಬಂದಿತ್ತು."

ಅವಳ ಕೈ ತಟ್ಟೆಯಲ್ಲೇ ನಿಂತಿತು. "ಹೇಳೋಣ ಅಂತಲೇ ಇದ್ದೆ" ಅಂದಳು ಮೆಲ್ಲಗೆ.

"ಹೇಳ್ತೀಯ, ಎಲ್ಲ ಆದ್ಮೇಲೆ. ಇಷ್ಟು ವರ್ಷ ಕರೆದ್ರೂ ನನ್ನ ಥಿಯೇಟರ್‌ಗೆ ಕಾಲಿಡಲಿಲ್ಲ. ಈಗ ಏಸಿ ಥಿಯೇಟರೇ ಬೇಕಾಯ್ತು. ಅದೂ ಬೆಳಗ್ಗೆ ಬೆಳಗ್ಗೆ, ಹೊಟ್ಟೆಗೂ ಇಲ್ದೆ."

ಅವಳು ಗಂಡನ ಮುಖ ನೋಡಿದಳು. ಒಂದು ಗಳಿಗೆ ಏನೂ ತಿಳಿಯಲಿಲ್ಲ. ತಿಳಿದ ಮೇಲೆ ನಗು ಬಂತು. ತಟ್ಟೆ ಸರಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಇನ್ನೇನು ಆತನೂ ಪೆಚ್ಚಾಗಿ ನಗಬೇಕು, ಅಷ್ಟರಲ್ಲಿ ಅವಳ ನಗು ಎಲ್ಲೋ ತಿರುಗಿ ಅಳುವಾಗಿತ್ತು. ಅಳುತ್ತಲೇ ಕಾಲರಿನ ಗುಂಡಿಗಳನ್ನು ಬಿಚ್ಚಿದಳು. ಗಂಟಲ ಪಕ್ಕದಲ್ಲಿ ಸಣ್ಣ ನಿಂಬೆಹಣ್ಣಿನಷ್ಟು ಗಂಟು.

ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರೆ. ಪರದೆಯ ಖಾಲಿ ಮೂಲೆಯನ್ನು ನೋಡಿ ಅಂತ ಊರಿಗೆಲ್ಲ ಹೇಳುವವನು, ದಿನಾ ಎದುರಿಗೆ ಕೂತವಳ ಕಾಲರು ನೋಡಿ ಫ್ಯಾಷನ್ ಅಂದುಕೊಂಡಿದ್ದ.

ಅವಳೇ ಹೇಳಿದಳು. ಗುರುವಾರದ್ದು ಆಸ್ಪತ್ರೆಯ ಆಪರೇಷನ್ ಥಿಯೇಟರು. ಗಂಟು ತೆಗೆಯಲೇಬೇಕು, ಬಿಟ್ಟರೆ ಬೆಳೆದು ಉಸಿರಿಗೆ ಅಡ್ಡ ಬರುತ್ತದೆ. ಕೆಟ್ಟದ್ದೋ ಅಲ್ಲವೋ ಅಂತ ತೆಗೆದು ನೋಡಿದ ಮೇಲೇ ಗೊತ್ತಾಗುವುದು. ಅದಕ್ಕೂ ಮಿಗಿಲಾಗಿ, ದನಿಯ ನರ ಅದಕ್ಕೆ ಅಂಟಿಕೊಂಡೇ ಹಾದುಹೋಗುತ್ತದಂತೆ. "ದನಿ ಹೋಗದೇನೂ ಇರಬಹುದು, ಹೋದರೂ ಹೋಗಬಹುದು ಅಂದ್ರು ಡಾಕ್ಟ್ರು. ತಂಗಿ ಮುಂದೆ ಹ್ಞೂಂ ಅಂದು ಬಂದೆ. ಆದ್ರೆ ನಾನು ಹೋಗಲ್ಲ ರೀ. ಎಷ್ಟು ದೆವ್ವಗಳಿಗೆ ಕೊನೆ ಕಟ್ಟಿದೆ, ಇದಕ್ಕೆ ಕಟ್ಟೋಕೆ ಆಗ್ತಿಲ್ಲ. ಕೂತ್ರೂ ನಿಂತ್ರೂ ಆ ಬಾಗಿಲೇ ಕಾಣುತ್ತೆ, ಒಂದು ಗೇಣು ತೆಗೆದಿರೋದು."

"ಹಾಗೆಲ್ಲ ಹೆದರಬಾರದು" ಅಂದ ಟಾರ್ಚಣ್ಣ.

"ಹೇಳೋರು ನೋಡು" ಅಂದಳು ಕಣ್ಣೊರೆಸಿಕೊಂಡು. "ಇಷ್ಟು ವರ್ಷದಲ್ಲಿ ಒಂದು ದೆವ್ವದ ಸಿನಿಮಾ ಕೊನೇತನಕ ನೋಡೋ ಧೈರ್ಯ ಇಲ್ಲ ನಿಮಗೆ. ಗೇಟು ನೋಡ್ಕೋಬೇಕಂತೆ, ಗೇಟು. ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? ನೀವು ಒಂದನ್ನ ಕೊನೇತನಕ ಕೂತು ನೋಡಿ. ಆಮೇಲೆ ನಾನೂ ಬರ್ತೀನಿ."

ಗುಟ್ಟು ರಟ್ಟಾದ ಟಾರ್ಚಣ್ಣ ತಲೆ ತಗ್ಗಿಸಿದ. ಆಮೇಲೆ, "ನೀನೂ ಜೊತೆಗೆ ಬಾ ಮತ್ತೆ" ಅಂದ.

ಮರುದಿನ ಮಧ್ಯಾಹ್ನದ ಆಟಕ್ಕೆ ಇಬ್ಬರೂ ಹೋದರು. ರಾತ್ರಿ ಆಟದ ಟಾರ್ಚಿನವನು ಅವತ್ತು ಇವನ ಬದಲಿಗೆ ನಿಂತಿದ್ದ. ಅವನು ಬೆಳಕನ್ನು ಮೆಟ್ಟಿಲಿಗೆ ಬಿಡುವ ಬದಲು ಮುಖಕ್ಕೆ ಬಿಟ್ಟದ್ದು ನೋಡಿ ಟಾರ್ಚಣ್ಣನಿಗೆ ಮೈ ಉರಿಯಿತು. ಹೆಂಡತಿ ಸೀಟನ್ನು ಎರಡು ಸಲ ಒರೆಸಿ ಕೂತಳು. ಪರದೆಯ ಮೇಲೆ ಹೆಂಗಸು ಪಾತ್ರೆ ತೊಳೆಯತೊಡಗಿದಳು.

"ನಡುವೆ ನಿಲ್ಲಿಸಿಲ್ಲ ನೋಡು ಅವಳನ್ನ" ಅಂತ ಆತ ಪಿಸುಗುಟ್ಟಿದ. "ಈಗ ಸಂಗೀತ ನಿಂತಿತು, ಗೊತ್ತಾಯ್ತಾ? ಇನ್ನು ಕ್ಯಾಮೆರಾ ಅಲ್ಲಾಡಲ್ಲ. ನಿನ್ನ ಉಸಿರು ತಾನಾಗೇ ನಿಲ್ಲುತ್ತೆ, ನೋಡ್ತಿರು."

"ಹೌದಲ್ಲ ರೀ. ಏನೂ ತೋರಿಸೇ ಇಲ್ಲ, ಆಗಲೇ ಕೈ ತಣ್ಣಗಾಯ್ತು" ಅಂದಳು.

"ಅದೇ ಮತ್ತೆ. ತೋರಿಸದೇ ಇದ್ರೇ ಹೆದರೋದು. ಉಳಿದದ್ದನ್ನ ನಾವೇ ಮನಸ್ಸಲ್ಲಿ ತುಂಬಿಸ್ಕೊಳ್ತೀವಿ."

ಬೆಕ್ಕು ಹಾರಿತು. ಜನ ನಕ್ಕರು. ಟಾರ್ಚಣ್ಣ ತನಗೇ ಗೊತ್ತಿಲ್ಲದೆ ಎದ್ದು ನಿಂತಿದ್ದ. ಹೆಂಡತಿ ಅಂಗಿ ಹಿಡಿದು ಜಗ್ಗಿ ಕೂರಿಸಿದಳು. ಅಲ್ಲಿಂದ ಮುಂದಿನದು ಅವನಿಗೆ ಕಾಲಿಡದ ಕಾಡು. ಕಣ್ಣು ಮುಚ್ಚಿದ. ಅವಳು ತೊಡೆ ಚಿವುಟಿ, "ಮಾತು ಮಾತೇ. ಕಣ್ಣು ಬಿಡಿ" ಅಂದಳು. ಬಿಟ್ಟ. ಜೀವ ಬಾಯಿಗೆ ಬಂದಿತ್ತು, ಅವಳ ಬಳೆಗಳು ಅವನ ಮುಷ್ಟಿಯಲ್ಲಿ ಮುರಿಯುವುದೊಂದು ಬಾಕಿ. ಹಾಗೇ ಮಧ್ಯಂತರ ದಾಟಿತು, ಬಾಗಿಲು ಪೂರ್ತಿ ತೆರೆಯಿತು, ದೆವ್ವ ಹೊರಗೆ ಬಂತು. ಬಿಳಿ ನಿಲುವಂಗಿ, ಮುಖಕ್ಕೆ ಮೆತ್ತಿದ ಪೌಡರು, ಅಂಟಿಸಿದ ಉಗುರು.

"ಅಯ್ಯೋ, ಅಂಚು ಮಡಿಚಿ ಹೊಲಿದಿರೋದು ಎಷ್ಟು ಸೊಟ್ಟ ನೋಡ್ರೀ" ಅಂದಳು ಹೆಂಡತಿ. "ಆತುರಕ್ಕೆ ಹೊಲಿದಿದ್ದಾರೆ. ಕಂಕುಳ ಹತ್ರ ಬಿಟ್ಕೊಳ್ತಿದೆ."

ಟಾರ್ಚಣ್ಣ ನೋಡಿದ. ನಿಜವಾಗಿಯೂ ಕಂಕುಳಲ್ಲಿ ಹೊಲಿಗೆ ಬಿಟ್ಟಿತ್ತು. ದೆವ್ವ ಕೈ ಎತ್ತಿದಷ್ಟೂ ಬಿಡುತ್ತಿತ್ತು. ಆತನಿಗೆ ನಗು ತಡೆಯಲಾಗಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತಲ್ಲ, ಈ ಪೌಡರಿನವಳಿಗೆ ಹೆದರಿ ತಾನು ಅರ್ಧ ಆಯುಷ್ಯ ಸ್ಟೂಲಿನ ಮೇಲೆ ಕಳೆದೆನೇ ಅನ್ನಿಸಿತು. ಇಬ್ಬರೂ ಬಾಯಿಗೆ ಬಟ್ಟೆ ಒತ್ತಿ ನಕ್ಕರು, ಹಿಂದಿನ ಸಾಲಿನವರು ಉಶ್ ಅಂದರು. ಕೊನೆಗೆ ಪಾತ್ರೆ ತೊಳೆಯುವ ಹೆಂಗಸು ಬದುಕಿಕೊಂಡಳು, ಅವಳ ಗಂಡ ಹೋದ. ಅದೊಂದು ಮಾತ್ರ ಟಾರ್ಚಣ್ಣನಿಗೆ ಸರಿಕಾಣಲಿಲ್ಲ.

ದೀಪ ಹತ್ತಿದ ಮೇಲೆ ಹೆಂಡತಿ ಹೇಳಿದಳು. "ಆಯ್ತು, ಗುರುವಾರ ಬರ್ತೀನಿ. ಆದ್ರೆ ಅಲ್ಲಿ ಏನೇನಿದೆ ಅಂತ ನೀವು ಮೊದಲೇ ನೋಡಿ ನನಗೆ ಹೇಳಬೇಕು. ತೋರಿಸದೇ ಇರೋದು ಒಂದೂ ಉಳೀಬಾರದು."

ಬುಧವಾರ ರಕ್ತ ಪರೀಕ್ಷೆಗೆ ಅಂತ ಆಸ್ಪತ್ರೆಗೆ ಹೋದಾಗ ಟಾರ್ಚಣ್ಣನಿಗೆ ಅಲ್ಲಿನ ಓಣಿ ನೋಡಿಯೇ ಗೊತ್ತಾಯಿತು, ಇದು ಪಕ್ಕಾ ಮೊದಲ ಹತ್ತು ನಿಮಿಷ. ಉದ್ದನೆಯ ಓಣಿ, ತುದಿಗೆ ಮುಚ್ಚಿದ ಬಾಗಿಲು, ಬಾಗಿಲ ಮೇಲೆ ಮಿಣುಕು ಮಿಣುಕು ಅನ್ನುವ ಟ್ಯೂಬ್‌ಲೈಟು. ಸಾಲದ್ದಕ್ಕೆ ತಿರುವಿನಾಚೆಯಿಂದ ಕೀಂಯ್, ಕೀಂಯ್ ಅನ್ನುವ ಸದ್ದು. ಬಹಳ ಹೊತ್ತಿನ ಮೇಲೆ ರೋಗಿಗಳನ್ನು ಸಾಗಿಸುವ ಗಾಡಿ ಕಾಣಿಸಿತು. ಸದ್ದು ಮೊದಲು, ಗಾಡಿ ಆಮೇಲೆ. ಹೆಂಡತಿ ಅವನ ತೋಳು ಹಿಡಿದಳು.

ಅವಳು ರಕ್ತ ಕೊಡಲು ಒಳಗೆ ಹೋಗಿ ಸರದಿಗೆ ಕೂತದ್ದೇ ತಡ, ಟಾರ್ಚಣ್ಣ ಮನೆಗೆ ಓಡಿ ಮಷೀನಿನ ಡ್ರಾಯರಿನಿಂದ ಎಣ್ಣೆ ಡಬ್ಬಿ ತಂದ. ಗಾಡಿಯ ಚಕ್ರಗಳಿಗೆ ಒಂದೊಂದಾಗಿ ಎಣ್ಣೆ ಬಿಟ್ಟು, ಅತ್ತಿತ್ತ ತಳ್ಳಿ ನೋಡಿದ. ಕುರ್ಚಿ ಹತ್ತಿ ಟ್ಯೂಬ್‌ಲೈಟನ್ನು ಒಂದು ಸುತ್ತು ತಿರುಗಿಸಿ ಗಟ್ಟಿಯಾಗಿ ಕೂರಿಸಿದ, ಮಿಣುಕು ನಿಂತಿತು. ಗಾಡಿ ತಳ್ಳುವ ಮುದುಕ ಬಂದು, "ಯಾರಪ್ಪ ನೀವು?" ಅಂದ.

"ಥಿಯೇಟರ್‌ನೋನು" ಅಂದ ಟಾರ್ಚಣ್ಣ, ಯಾರು ಕೇಳಿದರೂ ಹೇಳುವ ಹಾಗೆ.

"ಓ, ಥಿಯೇಟರ್‌ನೋರಾ? ಹೊಸಬರು ಅನ್ಸುತ್ತೆ, ಗೊತ್ತಾಗಲಿಲ್ಲ" ಅಂತ ಮುದುಕ ಸಲಾಮು ಹೊಡೆದು, ತುದಿಯ ಬಾಗಿಲನ್ನು ತಾನೇ ತೆರೆದು ಹಿಡಿದ. "ಈಗ ಕೇಸ್ ಇಲ್ಲ, ನೋಡ್ಕೊಳ್ಳಿ."

ಟಾರ್ಚಣ್ಣ ತನ್ನ ಜೀವನದಲ್ಲಿ ಮೊದಲ ಸಲ, ಏನಾಗುತ್ತಿದೆ ಅಂತ ಚೆನ್ನಾಗಿ ತಿಳಿದೂ, ಬಾಯಿ ಮುಚ್ಚಿಕೊಂಡು ಲಾಭ ಪಡೆದ. ಹೊಸ್ತಿಲು ದಾಟದೆ, ಅಲ್ಲಿಂದಲೇ ಕತ್ತು ಚಾಚಿ ಒಂದೊಂದು ಮೂಲೆಯನ್ನೂ ನೋಡಿಕೊಂಡ. ಚಿಲಕದ ಕೆಲಸ ಹೇಗಿದೆ ಅನ್ನುವುದನ್ನೂ ಬಿಡಲಿಲ್ಲ. ಸಂಜೆ ಹೆಂಡತಿಗೆ ಎಲ್ಲ ಹೇಳಿದ, ಈ ಸಲ ಅಭಿನಯವಿಲ್ಲದೆ. ಬಾಗಿಲ ಹಿಂದೆ ಕೈ ತೊಳೆಯುವ ಎರಡು ತೊಟ್ಟಿ ಇವೆ. ಆಮೇಲೆ ಒಂದು ಕೋಣೆ. ನಡುವೆ ಒಂದು ಮೇಜು, ನಮ್ಮ ಬಟ್ಟೆ ಕತ್ತರಿಸುವ ಮೇಜಿಗಿಂತ ಅಗಲ ಕಮ್ಮಿ. ಮೇಲೆ ದೊಡ್ಡ ದೀಪ, ಅದರಡಿ ನೆರಳೇ ಬೀಳುವುದಿಲ್ಲ. ಹಸಿರು ಬಟ್ಟೆ, ಅಂಚು ನೆಟ್ಟಗೆ ಹೊಲಿದಿದ್ದಾರೆ. ಗೋಡೆಗೊಂದು ಗಡಿಯಾರ. ಖಾಲಿ ಮೂಲೆಯಲ್ಲಿ ಏನೂ ಇಲ್ಲ, ನಾನೇ ನೋಡಿದ್ದೇನೆ, ಒಂದು ಪೊರಕೆ ಇದೆ. ಅವಳು ಕೇಳಿಕೊಂಡು, ಪೊರಕೆ ಯಾವ ಬಣ್ಣದ್ದು ಅಂತ ವಿಚಾರಿಸಿ, ನಿದ್ದೆ ಹೋದಳು.

ಗುರುವಾರ ಅವಳನ್ನು ಗಾಡಿಯ ಮೇಲೆ ಮಲಗಿಸಿ ಮುದುಕ ತಳ್ಳಿಕೊಂಡು ಹೊರಟ. ಓಣಿ ಬೆಳಕಾಗಿತ್ತು. ಅವಳು ಕಿವಿಗೊಟ್ಟು, "ಇವತ್ತು ಗಾಡಿ ಬೇರೆನಾ? ಸದ್ದೇ ಇಲ್ಲ" ಅಂದಳು.

"ಅದೇ ಗಾಡಿ" ಅಂದ ಟಾರ್ಚಣ್ಣ.

ಆತ ಅಭ್ಯಾಸಬಲದಿಂದ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದ. ತುದಿಯ ಬಾಗಿಲು ಬಂದಾಗ ಎಡಗೈಯಲ್ಲಿ ಅದನ್ನು ತಳ್ಳಿ ಹಿಡಿದು, ಬಲಗೈಯಲ್ಲಿ ದಾರಿ ತೋರಿಸಿದ. ನರ್ಸಮ್ಮ ಅಡ್ಡ ನಿಂತಳು. "ಇಲ್ಲಿಂದಾಚೆ ನೀವು ಬರೋ ಹಾಗಿಲ್ಲ."

"ಜನಾನ್ನ ಥಿಯೇಟರ್ ಒಳಗೆ ಕರ್ಕೊಂಡು ಹೋಗಿ ಕೂರಿಸೋದೇ ನನ್ನ ಕೆಲಸ ತಾಯಿ" ಅಂದ ಟಾರ್ಚಣ್ಣ.

ಗಾಡಿಯ ಮೇಲಿನಿಂದ ಹೆಂಡತಿ ಹೇಳಿದಳು. "ಅವರದ್ದು ಹತ್ತು ನಿಮಿಷ ಆಯ್ತು. ಹೊರಗೆ ಒಂದು ಸ್ಟೂಲ್ ಕೊಡಿ, ಕೂತಿರ್ತಾರೆ."

ಬಾಗಿಲು ಮುಚ್ಚಿತು. ಕೊನೆ ನೋಡಲೇಬೇಕೆಂದು ಟಾರ್ಚಣ್ಣನಿಗೆ ಜೀವನದಲ್ಲಿ ಮೊದಲ ಸಲ ಆಸೆಯಾದದ್ದು ಆಗ, ಆಗಲೇ ಅವನನ್ನು ಹೊರಗೆ ಕೂರಿಸಿದರು. ಪಕ್ಕದಲ್ಲಿ ನಾದಿನಿ ಬಾಯಿ ತೆರೆದು ತೂಕಡಿಸುತ್ತಿದ್ದಳು. ಗೋಡೆಯಾಚೆಯಿಂದ ಒಂದು ಸದ್ದೂ ಇಲ್ಲ. ಕಿರುಚಾಟವಾದರೂ ಕೇಳಿಸಬಾರದೇ ಅನ್ನಿಸಿತು.

ಎರಡೂವರೆ ಗಂಟೆ ಅಂದಿದ್ದು ಮೂರು ದಾಟಿದ ಮೇಲೆ ಡಾಕ್ಟರು ಬಂದು, ಎಲ್ಲ ಸರಿಯಾಗಿ ಆಯಿತು ಅಂದರು. ಮುಂದಿನ ವಾರ, ಗಂಟು ಕೆಟ್ಟದ್ದಲ್ಲ ಅನ್ನುವ ಸುದ್ದಿಯೂ ಬಂತು. ದನಿಯ ವಿಷಯ ಮಾತ್ರ ಕಾದು ನೋಡಬೇಕು, ಮೆಲ್ಲಗೆ ಮಾತಾಡಲು ಪ್ರಯತ್ನ ಮಾಡಲಿ ಅಂದರು. ಮನೆಗೆ ಬಂದ ಹೆಂಡತಿ ಪ್ರಯತ್ನವನ್ನೇ ಮಾಡಲಿಲ್ಲ. ಬಾಯಿ ತೆರೆದು, ದನಿ ಬರದಿದ್ದರೆ? ತೆರೆಯದೇ ಇದ್ದರೆ ಇನ್ನೂ ಇದೆ ಅಂದುಕೊಂಡಿರಬಹುದಲ್ಲ. ಇದನ್ನು ಅವಳು ಹೇಳಲಿಲ್ಲ, ಆದರೆ ಕೊನೆಗಳಿಂದ ತಪ್ಪಿಸಿಕೊಳ್ಳುವ ವಿದ್ಯೆಯಲ್ಲಿ ಪಳಗಿದ ಟಾರ್ಚಣ್ಣನಿಗೆ ಅದು ಬಾಯಿಬಿಟ್ಟು ಹೇಳದೆಯೇ ಅರ್ಥವಾಯಿತು. ಮನೆಯಲ್ಲಿ ಸದ್ದು ನಿಂತುಹೋಗಿತ್ತು. ಅದನ್ನು ತಾಳಲಾರದೆ ಆತ ಒಂದೇ ಸಮ ಮಾತಾಡಿದ. ದಿನಾ ಒಂದೊಂದು ಹಳೆಯ ಆರಂಭ ಹೇಳಿ, ಕೊನೆಯನ್ನೂ ತಾನೇ ಕಟ್ಟಲು ಹೋದ. "ಆಮೇಲೆ ದೆವ್ವಕ್ಕೆ, ದೆವ್ವಕ್ಕೆ ನೆಗಡಿ ಆಯ್ತು" ಅಂದ ಒಮ್ಮೆ. ಅವಳು ತಲೆಯಾಡಿಸಿ ಗೋಡೆ ಕಡೆ ತಿರುಗಿದಳು. ಅಡುಗೆಮನೆಗೆ ಹೋಗಿ ನಲ್ಲಿ ಬಿಗಿ ಮಾಡುವ ನೆಪದಲ್ಲಿ ಟಾರ್ಚಣ್ಣ ಅತ್ತ.

ಒಂದು ಸಂಜೆ ಆತ ಚಾಪೆಯ ಮೇಲೆ ಕೂತು ಟಾರ್ಚಿನ ಗಾಜು ಒರೆಸುತ್ತಿದ್ದ. ಅವಳು ಎದ್ದು ಹೋಗಿ ಮಷೀನಿನ ಮುಂದೆ ಕೂತಳು. ಎಷ್ಟೋ ದಿನದ ಮೇಲೆ ಕಾಲು ಪೆಡಲಿನ ಮೇಲೆ ಹೋಯಿತು. ಮಷೀನು ಕೀಂಯ್ ಅಂದಿತು. ಅವಳು ನಿಲ್ಲಿಸಿ ಡ್ರಾಯರು ಎಳೆದಳು. ಬಾಬಿನ್ನು ಸರಿಸಿದಳು, ಸೀಮೆಸುಣ್ಣ ಸರಿಸಿದಳು, ಕೈ ಮೂಲೆಯವರೆಗೂ ಹಾಕಿ ತಡಕಿದಳು. ಟಾರ್ಚಣ್ಣನ ಕೈ ಗಾಜಿನ ಮೇಲೆ ನಿಂತಿತು. ಡಬ್ಬಿ ಎಲ್ಲಿದೆ ಅಂತ ಅವನಿಗೆ ಆ ಗಳಿಗೆಯಲ್ಲಿ ನೆನಪಾಯಿತು. ಗಾಡಿಯ ಕೆಳಗೆ, ಓಣಿಯಲ್ಲಿ.

ಅವಳು ಡ್ರಾಯರನ್ನು ದಢಾರನೆ ಮುಚ್ಚಿ ಈ ಕಡೆ ತಿರುಗಿದಳು.

"ನನ್ನ ಎಣ್ಣೆ ಡಬ್ಬಿ ಎಲ್ರೀ?"

ದನಿ ಒರಟಾಗಿತ್ತು, ಅಂಚಿನಲ್ಲಿ ಒಡೆದಿತ್ತು, ಆದರೆ ಅವಳದೇ. ಅವಳಿಗೆ ತಾನು ಮಾತಾಡಿದ್ದು ಇನ್ನೂ ಗೊತ್ತಾಗಿರಲಿಲ್ಲ, ಸಿಟ್ಟು ಅಷ್ಟಿತ್ತು. ಟಾರ್ಚಣ್ಣನ ಕಣ್ಣು ತುಂಬಿ ಮಷೀನು, ಕಿಟಕಿ, ಹೆಂಡತಿ ಎಲ್ಲ ಮಸುಕಾದವು.

"ಥಿಯೇಟರ್‌ನಲ್ಲಿ ಮರೆತು ಬಂದೆ" ಅಂದ.

"ಯಾವ ಥಿಯೇಟರ್‌ನಲ್ಲಿ?"

ಟಾರ್ಚಣ್ಣ ಟಾರ್ಚನ್ನು ಕೆಳಗಿಟ್ಟು, ಕಿವಿಗೆ ಕೈ ಅಡ್ಡ ಹಿಡಿದು, "ಏನಂದೆ? ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು" ಅಂದ.